ಡಿಸ್ಕಸ್ಸಾ, ಟಾಕ್ ಅಬೌಟಾ?

ಆಫೀಸಿನ ಮೇಲ್‌ನಲ್ಲಿ ನಾನು ವರ್ಷಗಟ್ಟಲೆ 'ಡಿಸ್ಕಸ್ ಅಬೌಟ್ ದ ಬಜೆಟ್' ಅಂತಲೇ ಬರೆದೆ. ಕನ್ನಡದಲ್ಲಿ 'ಬಜೆಟ್ ಬಗ್ಗೆ ಚರ್ಚಿಸೋಣ' ಅಂತೀವಿ ಅಲ್ವಾ, ಆ 'ಬಗ್ಗೆ' ಸುಮ್ನೆ ಇಂಗ್ಲಿಷಿಗೂ ನುಸುಳಿಬಿಡುತ್ತದೆ. 'ಡಿಸ್ಕಸ್' ಬರೆದರೆ 'ಅಬೌಟ್' ಬೇಡ, 'ಡಿಸ್ಕಸ್ ದ ಬಜೆಟ್' ಸಾಕು. 'ಟಾಕ್' ಆದರೆ 'ಅಬೌಟ್' ಬೇಕೇ ಬೇಕು. ಮೀಟಿಂಗ್ ನೋಟಿಸಿಗೆ ಮೊದಲನೆಯದು, ಗೆಳೆಯರಿಗೆ ಎರಡನೆಯದು ಚೆನ್ನ. ತಮಾಷೆ ಏನೆಂದರೆ, 'ಡಿಸ್ಕಶನ್' ಎಂಬ ನಾಮಪದದ ಜೊತೆ 'ಅಬೌಟ್' ನಡೆಯುತ್ತದೆ! ಗೊಂದಲಕ್ಕೆ ಇದೂ ಒಂದು ಕಾರಣ ಇರಬೇಕು.

'ರೀಚ್', 'ಅರೈವ್' ಜೋಡಿಯೂ ಹೀಗೇ. 'ರೀಚ್ಡ್ ಮೈಸೂರು' ಸರಿ, 'ರೀಚ್ಡ್ ಟು ಮೈಸೂರು' ತಪ್ಪು. 'ಅರೈವ್ಡ್' ಬರೆದರೆ ಊರಿಗೆ 'ಇನ್', ಸ್ಟೇಷನ್ನಿಗೆ 'ಆ್ಯಟ್'. ಅಷ್ಟೆಲ್ಲ ಯೋಚಿಸಲು ಪುರುಸೊತ್ತಿಲ್ಲದಾಗ ನಾನು 'ರೀಚ್' ಅಂತಲೇ ಬರೆದುಬಿಡುತ್ತೇನೆ.