ಡೇಟಾ ಎಂಟ್ರಿ ಕೆಲಸ ಕೊಟ್ಟು ‘ಲೀಗಲ್ ನೋಟಿಸ್’ ಕಳಿಸುವವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ

ತುಮಕೂರು ಕಡೆಯಲ್ಲಿ ಮನೆಯಿಂದಲೇ ಮಾಡುವ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕ್ಯಾತ್ಸಂದ್ರದಲ್ಲಿರುವ ನನ್ನ ತಂಗಿ ಒಂದು ಫ್ರೀಲಾನ್ಸ್ (ಬಿಡಿ ಕೆಲಸ ಹುಡುಕಿಕೊಳ್ಳುವ) ಜಾಲತಾಣದಲ್ಲಿ ಹೆಸರು ನೋಂದಾಯಿಸಿದ್ದಳು. ಕೆಲಸ ಕೊಡುತ್ತೇನೆಂದು ಬಂದವನು, ‘ಇಲ್ಲಿ ಕಮಿಷನ್ ಹೆಚ್ಚು, ವಾಟ್ಸ್‌ಆ್ಯಪ್‌ನಲ್ಲಿ ಮಾತಾಡೋಣ’ ಎಂದ. ಆಧಾರ್ ಪ್ರತಿ ತರಿಸಿಕೊಂಡ, ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಿಸಿಕೊಂಡ. ಮಸುಕಾದ ಚಿತ್ರಗಳನ್ನು ನೋಡಿ ಫಾರಂ ತುಂಬುವ ಕೆಲಸ. ನಿದ್ದೆಗೆಟ್ಟು ಮುಗಿಸಿದಳು. ಕೂಲಿಯ ಬದಲು ನೋಟಿಸ್ ಬಂತು: ತಪ್ಪುಗಳು ಮಿತಿ ಮೀರಿವೆ, ಒಪ್ಪಂದ ಮುರಿದಿದ್ದೀರಿ, ಸಂಜೆಯೊಳಗೆ ದಂಡ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ. ವಕೀಲರ ಲೆಟರ್‌ಹೆಡ್, ಮೊಹರು, ಕೇಸ್ ನಂಬರ್ ಎಲ್ಲವೂ ಇದ್ದವು. “ಅಪ್ಪನಿಗೆ ಹೇಳಬೇಡ ಅಕ್ಕಾ” ಎಂದು ಅವಳು ಅತ್ತದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾನಕ್ಕೆ ಅಂಜಿ ಹಣ ಕಟ್ಟಿಬಿಡುತ್ತಾರೆ ಎಂಬ ಲೆಕ್ಕದ ಮೇಲೆಯೇ ಈ ದಂಧೆ ನಡೆಯುತ್ತಿದೆ.

ವಕೀಲರ ನೋಟಿಸ್ ಎಂದರೆ ಕೋರ್ಟಿನ ಆದೇಶವಲ್ಲ. ಫಾರಂ ತುಂಬುವಾಗ ತಪ್ಪಾದರೆ ಅದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ. ಅದಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ, 1872ರ ಕರಾರು ಕಾಯಿದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನಷ್ಟೇ. ನ್ಯಾಯಾಲಯದಿಂದಲೇ ಸಮನ್ಸ್ ಬಂದರೆ ಮಾತ್ರ ಅಲಕ್ಷಿಸಬಾರದು.

ತಾಣದಿಂದ ಹೊರಗೆ ಕರೆಯುವವರನ್ನು ಅಲ್ಲಿಯೇ ಬಿಟ್ಟುಬಿಡಿ. ಫೈವರ್ ಎಂಬ ಫ್ರೀಲಾನ್ಸ್ ತಾಣ ಕೆಲಸಗಾರರ ಗಳಿಕೆಯಲ್ಲಿ ಶೇ 20ರಷ್ಟು ಹಿಡಿದುಕೊಳ್ಳುತ್ತದೆ, ಹೊಟ್ಟೆ ಉರಿಯುವುದು ಸಹಜ. ಆದರೆ ಅಂಥದ್ದೇ ಇನ್ನೊಂದು ತಾಣವಾದ ಅಪ್‌ವರ್ಕ್‌ನಲ್ಲಿ ನಿಗದಿತ ಮೊತ್ತದ ಕೆಲಸವಾದರೆ ಗ್ರಾಹಕ ಹಣವನ್ನು ಮೊದಲೇ ಎಸ್ಕ್ರೋ ಖಾತೆಯಲ್ಲಿ (ಕೆಲಸ ಮುಗಿದು ಒಪ್ಪಿಗೆಯಾಗುವವರೆಗೆ ಹಣ ಕಾದಿಡುವ ಖಾತೆ) ಇಡುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ಆ ರಕ್ಷಣೆ ಇಲ್ಲ. ದೇಶದಲ್ಲಿ 2020–21ರಲ್ಲಿ 77 ಲಕ್ಷವಿದ್ದ ಗಿಗ್ ಕೆಲಸಗಾರರು (ಕಾಯಂ ನೌಕರಿಯಿಲ್ಲದೆ ಬಿಡಿ ಬಿಡಿ ಕೆಲಸ ಮಾಡುವವರು) 2029–30ಕ್ಕೆ 2.35 ಕೋಟಿ ಆಗುತ್ತಾರೆಂದು ನೀತಿ ಆಯೋಗ ಅಂದಾಜಿಸಿದೆ. ಹೊಸದಾಗಿ ಬರುವ ಇಷ್ಟೊಂದು ಜನರಿಗೆ ಇದನ್ನು ಹೇಳುವವರು ಬೇಡವೇ?

ನಾವು ಹಣ ಕಟ್ಟಲಿಲ್ಲ. ಚಾಟ್, ಒಪ್ಪಂದ, ಕರೆ ಬಂದ ಸಂಖ್ಯೆಗಳನ್ನೆಲ್ಲ ಉಳಿಸಿಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಟ್ಟೆವು. ಈಗಾಗಲೇ ಹಣ ಕಳಿಸಿರುವವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನೋಟಿಸ್ ನೋಡಿ ಗಾಬರಿಯಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ, ಸಹಾಯವಾಣಿ 15100.

ಆಧಾರ್ ಪ್ರತಿ ಕೊಟ್ಟಿದ್ದರೆ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಇಂದೇ ನೋಡಿಕೊಳ್ಳಿ.