ಜೆ.ಸಿ. ರಸ್ತೆಯ ರಂಗಮಂದಿರಗಳು: ಯಾವ ನಾಟಕಕ್ಕೆ ಯಾವ ಜಾಗ?

ಕಾರಿಗೆ ಸೀಟ್ ಕವರ್ ಹಾಕಿಸಬೇಕು, ಹಾರ್ನ್ ಬದಲಾಯಿಸಬೇಕು ಅಂದ್ರೆ ಬೆಂಗಳೂರಿನವರು ಹೋಗುವುದು ಜೆ.ಸಿ. ರಸ್ತೆಗೆ. ಕನ್ನಡ ನಾಟಕ ನೋಡಬೇಕು ಅಂದ್ರೂ ಅಲ್ಲಿಗೇ. ಟೌನ್ ಹಾಲ್, ರವೀಂದ್ರ ಕಲಾಕ್ಷೇತ್ರ, ಅದರ ಬೆನ್ನಿಗೇ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ. ಎಲ್ಲವೂ ನಡೆದು ಹೋಗುವಷ್ಟು ದೂರ. ಅದಕ್ಕೇ ಜನ ಎಲ್ಲವನ್ನೂ ಸೇರಿಸಿ "ಕಲಾಕ್ಷೇತ್ರದ ಹತ್ರ" ಅಂದುಬಿಡುತ್ತಾರೆ. ಆದರೆ ಒಂದೇ ನಾಟಕವನ್ನು ಇಲ್ಲಿ ಎರಡು ಕಡೆ ನೋಡಿದರೆ ಗೊತ್ತಾಗುತ್ತದೆ, ಜಾಗ ಬದಲಾದರೆ ನಾಟಕವೂ ಬದಲಾಗುತ್ತದೆ. ನಾನು ಮುಖ್ಯವಾಗಿ ಪ್ರೇಕ್ಷಕ. ಆಗೀಗ ಗೆಳೆಯರ ಹವ್ಯಾಸಿ ತಂಡಕ್ಕೆ ಸೆಟ್ಟು, ಪರಿಕರ ಹೊತ್ತಿದ್ದೂ ಉಂಟು.

ದೊಡ್ಡದರಿಂದಲೇ ಶುರು ಮಾಡೋಣ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು ರವೀಂದ್ರ ಕಲಾಕ್ಷೇತ್ರ. ಬಾಗಿಲು ತೆರೆದದ್ದು 1963ರಲ್ಲಿ. ವೇದಿಕೆ ಅಗಲ, ಆಳ ಎರಡೂ ಜಾಸ್ತಿ. ಮೂವತ್ತು ಜನರ ಮೇಳ ಬಂದು ಕುಣಿದರೂ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುವುದಿಲ್ಲ. ಐತಿಹಾಸಿಕ ನಾಟಕ, ನೃತ್ಯರೂಪಕ, ಹಾಡು ತುಂಬಿದ ರಂಗಪ್ರಯೋಗ ಇದ್ದರೆ ಎರಡು ಮಾತಿಲ್ಲದೆ ಇಲ್ಲಿಗೇ ಹೋಗಿ. ನನ್ನ ಆಯ್ಕೆ ಬಾಲ್ಕನಿ. ಮೇಲಿಂದ ನೋಡಿದರೆ ಗುಂಪು ಹೇಗೆ ಸೇರಿತು, ಹೇಗೆ ಚದುರಿತು, ಬೆಳಕು ನೆಲದ ಮೇಲೆ ಎಲ್ಲಿ ಬಿತ್ತು ಎಲ್ಲ ಕಾಣುತ್ತದೆ. ಮುಂದಿನ ಸಾಲು ಹೇಗೂ ಅತಿಥಿಗಳಿಗೆ ಮೀಸಲು, ಬಿಡಿ.

ಆದರೆ ಇಬ್ಬರೇ ಕೂತು ಮಾತಾಡುವ ನಾಟಕಕ್ಕೆ ಈ ವೇದಿಕೆ ದೊಡ್ಡದಾಯಿತು. ನಟರು ಕುರ್ಚಿ ಎರಡನ್ನು ಮಧ್ಯಕ್ಕೆ ಎಳೆದುಕೊಂಡು, ಸುತ್ತ ಕತ್ತಲು ಮಾಡಿಕೊಂಡು ಹೇಗೋ ನಿಭಾಯಿಸುತ್ತಾರೆ. ಹಿಂದೆ ಕೂತವರಿಗೆ ಮುಖ ಕಾಣದೆ ಕೈಸನ್ನೆ ಮಾತ್ರ ಕಾಣುತ್ತದೆ.

ಅಂಥ ನಾಟಕಕ್ಕೆ ನಯನವೇ ಸರಿ. ಚಿಕ್ಕ ಸಭಾಂಗಣ, ಕೊನೆಯ ಸಾಲಿನಲ್ಲಿ ಕೂತರೂ ನಟ ದೂರ ಅನ್ನಿಸುವುದಿಲ್ಲ. ಅಪ್ಪ ಮಗನ ಜಗಳದ ನಾಟಕವೊಂದನ್ನು ಮೊದಲು ದೊಡ್ಡ ವೇದಿಕೆಯಲ್ಲಿ ನೋಡಿದ್ದೆ. ಆಮೇಲೆ ಅದೇ ತಂಡ ಅದನ್ನೇ ನಯನದಲ್ಲಿ ಮಾಡಿತು. ಮೊದಲ ಸಲ ಅಪ್ಪನ ಪಾತ್ರಧಾರಿ ಕೂಗಾಡುವ ಮನುಷ್ಯನ ಹಾಗೆ ಕಂಡಿದ್ದರು. ನಯನದಲ್ಲಿ ದನಿ ಅರ್ಧಕ್ಕೆ ಇಳಿಸಿದ್ದರು. ಮಗ ಮಾತಾಡುವಾಗ ಅವರು ಹೆಬ್ಬೆರಳಿನಿಂದ ಪಂಚೆಯ ಅಂಚನ್ನು ಉಜ್ಜುತ್ತಾ ಇದ್ದದ್ದು, ಕಿವಿಯ ಹಿಂದೆ ಮೇಕಪ್ ನಿಂತ ಗೆರೆ, ಕುತ್ತಿಗೆಯ ಬೆವರು ಎಲ್ಲ ಕಂಡಿತು. ಪಾತ್ರದ ಸಿಟ್ಟಿನ ಒಳಗೆ ಹೆದರಿಕೆ ಇದೆ ಅನ್ನುವುದು ನನಗೆ ಹೊಳೆದದ್ದು ಆಗಲೇ. ನಟರಿಗೂ ಇದರಿಂದ ಕಷ್ಟ ಉಂಟು. ಒಂದು ಸಾಲು ಮರೆತರೂ ಇಡೀ ಸಭೆಗೆ ಗೊತ್ತಾಗುತ್ತದೆ.

ದನಿ ಅಂದ ಮೇಲೆ ಮೈಕಿನ ಮಾತೂ ಬಂತು. ಒಂದು ಕಡೆ, ಹೆಸರು ಬೇಡ, ನಾಯಕನ ಕಾಲರ್ ಮೈಕ್ ಕೆಟ್ಟು ಸ್ವಗತದ ಉದ್ದಕ್ಕೂ ಕರಕರ ಅಂದಿತ್ತು. ಕೊನೆಗೆ ಆತ ಅದನ್ನು ಕಿತ್ತು ಜೇಬಿಗೆ ಹಾಕಿ ಬರೀ ಗಂಟಲಲ್ಲೇ ಮುಂದುವರಿಸಿದ. ಆವತ್ತು ಜೋರು ಚಪ್ಪಾಳೆ ಬಿದ್ದದ್ದು ಅದಕ್ಕೇ.

ಈಗ ಸಂಸ. ನನ್ನ ಪಕ್ಷಪಾತ ಇರುವುದು ಇಲ್ಲಿ, ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಅರಸರ ಕಾಲದ ಕಥೆಗಳನ್ನು ನಾಟಕಕ್ಕೆ ತಂದ ಸಂಸರ ಹೆಸರಿನ ಬಯಲು ರಂಗಮಂದಿರ ಇದು. 1972ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ನಾಟಕ ಮಾಡಿಸಿದ್ದನ್ನು ಹಳಬರು ಇವತ್ತಿಗೂ ನೆನೆಯುತ್ತಾರೆ. ಅಷ್ಟು ದೊಡ್ಡ ರಂಗಮಂದಿರ ಪಕ್ಕದಲ್ಲೇ ಇರುವಾಗ ಬಯಲಿಗೆ ಯಾಕೆ ಹೋದರು? ಮೆಟ್ಟಿಲ ಮೇಲೆ ಕೂತು ಒಂದು ನಾಟಕ ನೋಡಿದರೆ ಉತ್ತರ ಸಿಗುತ್ತದೆ. ತಮಟೆ ಬಾರಿಸಿದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ, ನೇರ ಎದೆಗೇ ಬರುತ್ತದೆ. ನಟ ಪ್ರೇಕ್ಷಕರ ನಡುವಿನಿಂದ ಓಡಿಬಂದರೆ ಸುಳ್ಳು ಅನ್ನಿಸುವುದಿಲ್ಲ. ಪ್ರೇಕ್ಷಕರೂ ಇಲ್ಲಿ ಬೇರೆ ಥರ. ಮಕ್ಕಳು ಎದ್ದು ಓಡಾಡುತ್ತಾರೆ, ಹಾಡಿಗೆ ತಾಳ ಬೀಳುತ್ತದೆ, ಯಾರೂ "ಶ್" ಅನ್ನುವುದಿಲ್ಲ.

ತೊಂದರೆಗಳೂ ಇವೆ. ರಸ್ತೆಯ ಹಾರ್ನ್ ಒಳಗೇ ಬರುತ್ತದೆ. ಮೌನವನ್ನೇ ನಂಬಿಕೊಂಡ ದೃಶ್ಯ ಇಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬೇಗ ಹೋಗಿ ಕೂತರೆ ಮೆಟ್ಟಿಲು ಇನ್ನೂ ಬಿಸಿ, ಕೆಳಗೆ ಹಾಕಿಕೊಳ್ಳಲು ಸುಮ್ನೆ ಒಂದು ಪೇಪರ್ ಇಟ್ಟುಕೊಂಡಿರಿ. ಮಳೆಗಾಲದ ಕಥೆ ಹೇಳಬೇಕಾಗಿಲ್ಲ. ಮೇ ತಿಂಗಳ ಸಂಜೆ ಮಳೆಯೂ ಬೆಂಗಳೂರಿನಲ್ಲಿ ಹೇಳಿ ಬರುವುದಿಲ್ಲ ಅಲ್ವಾ?

ಟೌನ್ ಹಾಲಿನ ಬಗ್ಗೆ ಹೆಚ್ಚು ಹೇಳಲಾರೆ. ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರಿನ ಈ ಪುರಭವನ 1935ರದ್ದು. ಆ ಸಾಲು ಕಂಬಗಳು, ಎತ್ತರದ ಮೆಟ್ಟಿಲುಗಳು ಹೊರಗಿನಿಂದ ನೋಡಲು ಚಂದ. ಕಟ್ಟಿದ್ದೇ ಸಭೆ ಸಮಾರಂಭಕ್ಕೆ. ಸಂಗೀತ, ಸನ್ಮಾನ, ಭಾಷಣ ಇದ್ದರೆ ಹೋಗುತ್ತೇನೆ. ನಾಟಕ ಎಂದರೆ ಎರಡು ಸಲ ಯೋಚಿಸುತ್ತೇನೆ.

ಇವೆಲ್ಲಕ್ಕೂ ಪೈಪೋಟಿ ಎಂದರೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ್ದು, 2004ರಲ್ಲಿ ಶುರುವಾದದ್ದು. ಪ್ರೇಕ್ಷಕರ ನಡುವಿಗೆ ಚಾಚಿದ ವೇದಿಕೆ, ಎಲ್ಲಿ ಕೂತರೂ ಚೆನ್ನಾಗಿ ಕಾಣುತ್ತದೆ. ಹೊತ್ತಿನ ವಿಷಯದಲ್ಲಂತೂ ಜೆ.ಸಿ. ರಸ್ತೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಬಾಗಿಲಿಲ್ಲ. ಇಲ್ಲಿ ಆಹ್ವಾನ ಪತ್ರಿಕೆಯಲ್ಲಿ ಸಂಜೆ 6 ಅಂತ ಇರುತ್ತದೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಅಧ್ಯಕ್ಷರ "ಎರಡೇ ಮಾತು" ಮುಗಿದು ನಾಟಕ ಶುರುವಾಗುವಾಗ ಏಳು ದಾಟಿರುತ್ತದೆ. ಇದು ಕಟ್ಟಡದ ತಪ್ಪಲ್ಲ, ಕಾರ್ಯಕ್ರಮ ಮಾಡುವವರ ಚಾಳಿ. ಆದರೂ ಆಫೀಸು ಮುಗಿಸಿ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬರುವ ನನ್ನಂಥವರಿಗೆ ಈ ತಡವೇ ಅನುಕೂಲ. ರಂಗಶಂಕರದ ಎಷ್ಟೋ ನಾಟಕಗಳ ಮೊದಲ ಹತ್ತು ನಿಮಿಷವನ್ನು ಕಾಪಾಡಿಕೊಳ್ಳಲು ಊಟ ಬಿಟ್ಟು ಓಡಿದ್ದೇನೆ. ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತು, ಟೀ ಕುಡಿದು, ನಾಲ್ಕು ಜನ ನಟರನ್ನು ಮಾತಾಡಿಸಿ, ಆಮೇಲೆ ಒಳಗೆ ಹೋದರೂ ಭಾಷಣ ಉಳಿದಿರುತ್ತದೆ.

ಹಾಗಾಗಿ ನಾನು ಈಗ ಪೋಸ್ಟರಿನಲ್ಲಿ ಮೊದಲು ನೋಡುವುದು ನಾಟಕದ ಹೆಸರಲ್ಲ, ಜಾಗ. ಸಂಸ ಎಂದಿದ್ದರೆ ಮನೆಯವರನ್ನೆಲ್ಲ ಹೊರಡಿಸುತ್ತೇನೆ. ನಯನ ಎಂದಿದ್ದರೆ ಒಬ್ಬನೇ. ಕಲಾಕ್ಷೇತ್ರ ಎಂದಿದ್ದರೆ ಪಾತ್ರಧಾರಿಗಳ ಪಟ್ಟಿ ಎಷ್ಟುದ್ದ ಇದೆ ನೋಡಿ ತೀರ್ಮಾನ.