14448: ಚಿಕ್ಕಮ್ಮನ ಜಗಲಿಯಿಂದ ವಸೂಲಿಯವರನ್ನು ಎಬ್ಬಿಸಿದ ದೂರು

ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್‌ನ (ಆರ್‌ಬಿಐ) ಓಂಬುಡ್ಸ್‌ಮನ್ ವ್ಯವಸ್ಥೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಆ ಒಂದು ಅಂಕ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಚಿಕ್ಕಮ್ಮ ಇರುವುದು ಮದ್ದೂರು ಹತ್ತಿರದ ಹಳ್ಳಿಯಲ್ಲಿ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಮೂರನೇ ಹಸುವಿಗೆ ಅಂತ ಮೈಕ್ರೋ ಫೈನಾನ್ಸ್ ಕಂಪನಿಯಿಂದ 50,000 ರೂಪಾಯಿ ಸಂಘದ ಸಾಲ ತೆಗೆದರು. ಹತ್ತು ತಿಂಗಳು ಒಂದು ಕಂತೂ ತಪ್ಪಲಿಲ್ಲ. ಚಿಕ್ಕಪ್ಪ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎರಡು ಕಂತು ನಿಂತವು.

ಫೈನಾನ್ಸ್‌ನ ಹುಡುಗ ಸಂಜೆ ಏಳಕ್ಕೆ ಬಂದು ಜಗಲಿ ಮೇಲೆ ಕೂತರೆ ರಾತ್ರಿ ಹತ್ತಾದರೂ ಏಳುತ್ತಿರಲಿಲ್ಲ. ಸಂಘದ ಉಳಿದ ಹೆಂಗಸರನ್ನೂ ಕರೆತಂದು ಕೂರಿಸುತ್ತಿದ್ದ. "ಕಟ್ಟೋಕಾಗದಿದ್ರೆ ಹಸು ಬಿಚ್ಚಿಕೊಡಿ, ಇಲ್ಲ ಮಗಳ ಕಾಲೇಜಿಗೇ ಬರ್ತೀನಿ" ಅಂದನಂತೆ. ಚಿಕ್ಕಮ್ಮ ಬೀದಿ ನಲ್ಲಿಗೆ ಹೋಗುವುದನ್ನೇ ಬಿಟ್ಟರು. ಒಂದು ರಾತ್ರಿ ಫೋನ್ ಮಾಡಿ, "ಮಗ, ನೀನು ಟೌನಲ್ಲಿದ್ದೀಯ, ಯಾರಿಗಾದ್ರೂ ಹೇಳಪ್ಪ" ಅಂದರು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಆರ್‌ಬಿಐನ ಸಹಾಯವಾಣಿ 14448ಕ್ಕೆ ಕರೆ ಮಾಡಿದೆ. ದುಡ್ಡು ಖರ್ಚಿಲ್ಲ. ವಾರದ ದಿನಗಳಲ್ಲಿ ಆಫೀಸ್ ಹೊತ್ತಿಗೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಕೇಳಿ ಒಂದು ಮಾತು ಹೇಳಿದರು: ಮೊದಲು ಕಂಪನಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಅನಿಸದಿದ್ದರೆ, ಆಗ ನಮ್ಮಲ್ಲಿಗೆ ಬನ್ನಿ.

ಕಂಪನಿಯಲ್ಲಿ ಯಾರಿಗೆ ಬರೆಯುವುದು? ಚಿಕ್ಕಮ್ಮನ ಸಾಲದ ಕಾರ್ಡ್ ಹಿಂದೆಯೇ ಇತ್ತು. ದೂರು ಕೇಳುವ ಅಧಿಕಾರಿಯ ಹೆಸರು, ನಂಬರು, ಕನ್ನಡದಲ್ಲಿ. ಆ ಕಾರ್ಡಿನಲ್ಲಿ ಇದೆಲ್ಲ ಇರಲೇಬೇಕು ಅನ್ನುವುದು ಆರ್‌ಬಿಐ ನಿಯಮ. ಅಷ್ಟು ದಿನ ಅಕ್ಕಿ ಡಬ್ಬದಲ್ಲೇ ಇದ್ದ ಕಾರ್ಡನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಪತ್ರದಲ್ಲಿ ಗೋಳು ಬರೆಯಲಿಲ್ಲ, ದಿನಾಂಕ ಬರೆದೆ. ಯಾವ ದಿನ, ಎಷ್ಟು ಗಂಟೆಗೆ ಬಂದ, ಏನಂದ, ಯಾರ ಮುಂದೆ ಅಂದ. ಇಂಥ ಕಿರುಸಾಲಕ್ಕೆ (ಮೈಕ್ರೋ ಫೈನಾನ್ಸ್) 2022ರಲ್ಲೇ ಆರ್‌ಬಿಐ ನಿಯಮ ಮಾಡಿದೆ: ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವ ಹಾಗಿಲ್ಲ. ಬೈಯುವ ಹಾಗಿಲ್ಲ. ನೆಂಟರಿಗೆ, ಸ್ನೇಹಿತರಿಗೆ ಕಾಟ ಕೊಡುವ ಹಾಗಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಆ ಜಾಗಕ್ಕೆ ಸಾಲಗಾರರು ಸತತವಾಗಿ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಚಿಕ್ಕಮ್ಮ ಕಂತಿಗೆ ದುಡ್ಡಿಲ್ಲದಿದ್ದರೂ ಕಂತು ಕಟ್ಟುವ ಸಂಘದ ಮೀಟಿಂಗ್ ತಪ್ಪಿಸಿರಲಿಲ್ಲ! ಅದನ್ನೂ ಬರೆದೆ. ರಿಜಿಸ್ಟರ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ.

ತಿಂಗಳಾದ ಮೇಲೆ "ಪರಿಶೀಲಿಸುತ್ತೇವೆ" ಅನ್ನುವ ಒಂದು ಸಾಲು ಬಂತು, ಅಷ್ಟೇ. 31ನೇ ದಿನ ಆರ್‌ಬಿಐನ ಸಿಎಂಎಸ್ ಅನ್ನುವ ದೂರಿನ ವೆಬ್‌ಸೈಟ್‌ನಲ್ಲಿ ದೂರು ಹಾಕಿದೆ. ಮೊಬೈಲ್‌ಗೆ ಓಟಿಪಿ ಬರುತ್ತದೆ. ಪತ್ರ, ಪೋಸ್ಟ್ ರಸೀದಿ, ಕಾರ್ಡ್, ರಾತ್ರಿ ಬಂದ ಕರೆಗಳ ಪಟ್ಟಿ, ಎಲ್ಲದರ ಫೋಟೋ ಸೇರಿಸಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಅರ್ಧ ಗಂಟೆಯಲ್ಲಿ ದೂರಿನ ಸಂಖ್ಯೆ ಬಂತು. ಮೂರು ವಾರದೊಳಗೆ ಬ್ರಾಂಚ್ ಮ್ಯಾನೇಜರ್ ಹಗಲು ಹೊತ್ತಿನಲ್ಲಿ ಬಂದು ಕೈ ಮುಗಿದರು. ಆ ಹುಡುಗನನ್ನು ಬದಲಾಯಿಸಿದರು, ಕಂತು ಸಣ್ಣದು ಮಾಡಿದರು. ಸಾಲ ಮನ್ನಾ ಆಗಲಿಲ್ಲ, ನಾವು ಅದನ್ನು ಕೇಳಿಯೂ ಇರಲಿಲ್ಲ.

ಅಂಕ ಹೋಗಿದ್ದು ಆ 30 ದಿನಕ್ಕೆ. ದಿನಾ ಜಗಲಿಯಲ್ಲಿ ಕೂತು ಬೈಸಿಕೊಳ್ಳುವವರಿಗೆ ತಿಂಗಳು ಅಂದರೆ ಬಹಳ ಜಾಸ್ತಿ. ಬೆದರಿಕೆ ಇದ್ದರೆ ಅಲ್ಲಿಯವರೆಗೂ ಸುಮ್ನೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಸಾಲ ಕೊಟ್ಟವರಿಗೆ ಆರ್‌ಬಿಐ ನೋಂದಣಿಯೇ ಇಲ್ಲದಿದ್ದರೆ ಈ ಓಂಬುಡ್ಸ್‌ಮನ್ ದಾರಿ ನಡೆಯುವುದಿಲ್ಲ, ನೇರ ಠಾಣೆಗೆ ಹೋಗಿ. ಅಂಥವರ ಕಿರುಕುಳ ತಡೆಯಲೆಂದೇ 2025ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಚಿಕ್ಕಮ್ಮ ಈಗ ಕಂತನ್ನು ಡೇರಿ ಪಕ್ಕದ ಸಮುದಾಯ ಭವನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕಟ್ಟುತ್ತಾರೆ. ರಸೀದಿ ಈಸಿಕೊಂಡು, ಸಮಯ ಬರೆಸಿಕೊಂಡೇ ಎದ್ದು ಬರುತ್ತಾರೆ.